ಬೀಕನ್ ಫುಡ್ ಫಾರೆಸ್ಟ್: ಸಿಯಾಟಲ್‌ನಲ್ಲಿ ಅಮ್ಮನಿಗೆ ಸಿಕ್ಕ ಗುಂಡುತೋಪು

ಬೀಕನ್ ಫುಡ್ ಫಾರೆಸ್ಟ್ ಅಂದರೆ ಯಾರು ಬೇಕಾದರೂ ಬಂದು ಕಿತ್ತು ತಿನ್ನಬಹುದಾದ, ಜನರೇ ಸೇರಿ ಬೆಳೆಸುವ ಹಣ್ಣು ಸೊಪ್ಪಿನ ತೋಟ. ಮೊದಲೇ ಹೇಳಿಬಿಡುತ್ತೇನೆ. ಚೀಲ ಹಿಡಿದುಕೊಂಡು ಹೋಗಿ ಹಣ್ಣು ಕಿತ್ತುಕೊಂಡು ಬರೋಣ ಅನ್ನೋದೊಂದೇ ಲೆಕ್ಕದಲ್ಲಿ ಇಲ್ಲಿಗೆ ಹೋಗಬೇಡಿ. ಮೊದಲ ಸಲ ಹೋಗುವವರು ಕೆಲಸದ ದಿನವೇ ಹೋಗಿ. ತಿಂಗಳಿಗೊಂದು ಶನಿವಾರ ಜನ ಸೇರಿ ಕೆಲಸ ಮಾಡುತ್ತಾರೆ. ಯಾರು ಬೇಕಾದರೂ ಸೇರಿಕೊಳ್ಳಬಹುದು, ತೋಟದ ಕೆಲಸ ಗೊತ್ತಿರಲೇಬೇಕು ಅಂತೇನಿಲ್ಲ. ನಾನು ಎರಡೂ ಥರ ಹೋಗಿದ್ದೇನೆ. ಸುಮ್ನೆ ನೋಡೋಕೆ ಹೋದ ದಿನ ಕಂಡದ್ದು ಇಳಿಜಾರಿನಲ್ಲಿ ಒತ್ತೊತ್ತಾಗಿ ಬೆಳೆದ ಗಿಡಗಳು, ಅಲ್ಲಲ್ಲಿ ಬೋರ್ಡು, ಅಷ್ಟೇ. ಕೆಲಸಕ್ಕೆ ಹೋದ ದಿನ ಯಾವ ಗಿಡ ಯಾಕೆ ಅಲ್ಲಿದೆ ಅಂತ ತಿಳಿಯಿತು.

ಜಾಗ ಇರುವುದು ಸಿಯಾಟಲ್‌ನ ಬೀಕನ್ ಹಿಲ್‌ನಲ್ಲಿ, ಜೆಫರ್ಸನ್ ಪಾರ್ಕಿನ ಪಶ್ಚಿಮದ ಇಳಿಜಾರಿನಲ್ಲಿ. ಒಟ್ಟು 7 ಎಕರೆ. ಭೂಮಿ ನಗರಕ್ಕೆ ನೀರು ಕೊಡುವ ಇಲಾಖೆಯದ್ದು, ಮುಂಚೆ ಬರೀ ಹುಲ್ಲು ಬೆಳೆದಿತ್ತು. 2009ರಲ್ಲಿ ಪರ್ಮಾಕಲ್ಚರ್, ಅಂದರೆ ಪ್ರಕೃತಿಯ ರೀತಿಯನ್ನೇ ಅನುಸರಿಸಿ ತೋಟ ಮಾಡುವ ವಿಧಾನದ ಕೋರ್ಸ್ ಮಾಡುತ್ತಿದ್ದ ಕೆಲವರು ತಮ್ಮ ಕೊನೆಯ ಪ್ರಾಜೆಕ್ಟಿಗೆ ಇದೇ ಜಾಗ ಆರಿಸಿಕೊಂಡು ನಕ್ಷೆ ಬರೆದರು. ಮಣ್ಣಿಗೆ ಗುದ್ದಲಿ ಬಿದ್ದದ್ದು 2012ರಲ್ಲಿ, ಅದೂ ಮೊದಲಿಗೆ 1.75 ಎಕರೆಯಲ್ಲಿ ಮಾತ್ರ. ನಡುವಿನ ಮೂರು ವರ್ಷ ಎಲ್ಲಿ ಹೋಯ್ತು ಅಂದರೆ, ಹೆಚ್ಚು ಪಾಲು ಅಕ್ಕಪಕ್ಕದವರನ್ನು ಕೇಳೋದರಲ್ಲಿ. ಐದು ಭಾಷೆಗಳಲ್ಲಿ ಆರು ಸಾವಿರಕ್ಕೂ ಜಾಸ್ತಿ ಕಾರ್ಡು ಅಚ್ಚು ಹಾಕಿಸಿ ಮನೆಮನೆಗೆ ಕಳಿಸಿದರು. ಬೀಕನ್ ಹಿಲ್‌ನಲ್ಲಿ ಚೀನಾ, ವಿಯೆಟ್ನಾಂ, ಫಿಲಿಪೀನ್ಸ್, ಪೂರ್ವ ಆಫ್ರಿಕಾ ಕಡೆಯಿಂದ ಬಂದವರು ತುಂಬಾ ಇದ್ದಾರೆ. ಇಂಗ್ಲಿಷ್ ಬಾರದ ಚೀನೀ ಹಿರಿಯರಿಗೆ ಸಭೆಯಲ್ಲಿ ಮಾತು ತಿಳಿಯಲಿ ಅಂತ ಅನುವಾದ ಮಾಡುವವರೂ ಇದ್ದರು. ನನಗೆ ಈ ಜಾಗದ ಬಗ್ಗೆ ಎಲ್ಲಕ್ಕಿಂತ ಹೆಚ್ಚು ಗೌರವ ಬಂದದ್ದು ಇದನ್ನು ಓದಿದಾಗ. ಗಿಡ ತಂದು ನೆಡೋಕೆ ಒಂದು ದಿನ ಸಾಕು. ಪಕ್ಕದ ಮನೆಯ ಅಜ್ಜಿಗೆ ಯಾವ ಹಣ್ಣು ಬೇಕು ಅಂತ ಅವರ ಭಾಷೆಯಲ್ಲೇ ಕೇಳೋಕೆ ತಾಳ್ಮೆ ಬೇಕಲ್ವಾ.

ಕಳೆದ ಬೇಸಿಗೆಯಲ್ಲಿ ಅಮ್ಮ ಬಂದಿದ್ದರು. ತುಮಕೂರು ಕಡೆಯ ಹಳ್ಳಿಯವರು, ಇಲ್ಲಿ ಮನೆಯೊಳಗೆ ಕೂತು ಕೂತು ಬೇಜಾರಾಗಿತ್ತು. ಜುಲೈನ ಕೆಲಸದ ದಿನ ಕರೆದುಕೊಂಡು ಹೋದೆ. ಗೇಟಿಲ್ಲ, ಟಿಕೆಟ್ಟಿಲ್ಲ, ಕಾವಲಿನವರಿಲ್ಲ. ಅಮ್ಮ ದಾರಿಯಲ್ಲೇ ನಿಂತು, "ಇದು ಯಾರ್ದು?" ಅಂದರು. ಯಾರದ್ದೂ ಅಲ್ಲಮ್ಮ, ಎಲ್ಲರದ್ದೂ, ಯಾರು ಬೇಕಾದರೂ ಕಿತ್ತು ತಿನ್ನಬಹುದು ಅಂದೆ. ಸುತ್ತ ಒಂದು ಸಲ ನೋಡಿ, "ಹಂಗಾರೆ ಗುಂಡುತೋಪು ಕಣಮ್ಮ ಇದು" ಅಂದರು.

ಅವರು ಹೇಳಿದ್ದು ಸರಿ. ನಮ್ಮ ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ಮಾವು, ಹಲಸು, ಹುಣಸೆ, ನೇರಳೆ, ಹೊಂಗೆ ಇರುವ ತೋಪು ಊರಿಗೆಲ್ಲ ಸೇರಿದ್ದು, ಕಂದಾಯದ ದಾಖಲೆಯಲ್ಲೂ ಗುಂಡುತೋಪು ಅಂತಲೇ ಇರುತ್ತದೆ. ದನ ಕಾಯುವ ಹುಡುಗರು ನೇರಳೆ ಹಣ್ಣು ತಿಂದು ನಾಲಿಗೆ ನೀಲಿ ಮಾಡಿಕೊಂಡು ಬರುತ್ತಿದ್ದದ್ದು ಅಲ್ಲೇ. ಇಲ್ಲಿನ ವಿಶೇಷ ಏನೆಂದರೆ ಮರದ ಕೆಳಗಿನ ಜಾಗವನ್ನೂ ಖಾಲಿ ಬಿಟ್ಟಿಲ್ಲ. ಮೇಲೆ ಸೇಬು, ಪೇರು, ಪ್ಲಮ್. ಅದರ ಕೆಳಗೆ ಬ್ಲೂಬೆರಿ, ರಾಸ್‌ಬೆರಿ ಪೊದೆ. ಅದಕ್ಕೂ ಕೆಳಗೆ ಸೊಪ್ಪು, ನೆಲ ಹಿಡಿದು ಹರಡುವ ಸ್ಟ್ರಾಬೆರಿ. ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವ ಗಿಡಗಳು ನಡುನಡುವೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆವತ್ತು ನಮಗೆ ಕೊಟ್ಟ ಕೆಲಸ ಹುಲ್ಲು ಮುಚ್ಚುವುದು. ಅಗೆಯೋದಿಲ್ಲ, ಔಷಧಿ ಹೊಡೆಯೋದಿಲ್ಲ. ಹುಲ್ಲಿನ ಮೇಲೆ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಹಾಸಬೇಕು, ಒಂದರ ಅಂಚು ಇನ್ನೊಂದರ ಮೇಲೆ ಒಂದು ಗೇಣು ಬರುವ ಹಾಗೆ, ಇಲ್ಲದಿದ್ದರೆ ಸಂದಿಯಿಂದ ಹುಲ್ಲು ಮತ್ತೆ ಮೇಲೆ ಬರುತ್ತದೆ. ಅಂಟಿನ ಟೇಪನ್ನು ಮೊದಲೇ ಕಿತ್ತು ತೆಗೆಯಬೇಕು. ನೀರು ಹಾಕಿ ರಟ್ಟನ್ನು ಚೆನ್ನಾಗಿ ನೆನೆಸಿ, ಮೇಲೆ ಗೊಬ್ಬರ, ಅದರ ಮೇಲೆ ಮರದ ಚಕ್ಕೆ. ನಾನು ತಳ್ಳುಗಾಡಿಯಲ್ಲಿ ಚಕ್ಕೆ ತುಂಬಿ ತರುತ್ತಿದ್ದೆ, ಅಮ್ಮ ಟೇಪು ಕೀಳುತ್ತಿದ್ದರು. ಚಕ್ಕೆಯ ರಾಶಿಗೆ ಕೈ ಹಾಕಿದರೆ ಒಳಗೆ ಬೆಚ್ಚಗಿತ್ತು, ತಿಪ್ಪೆ ಕೆದಕಿದರೆ ಬರುವ ಥರದ ಬಿಸಿ. ಸಿಯಾಟಲ್ ಅಂದರೆ ಮಳೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಬೇಸಿಗೆಯಲ್ಲಿ ಇಲ್ಲಿ ನೆಲ ಒಣಗಿಹೋಗುತ್ತದೆ. ಈ ಹೊದಿಕೆ ಇಲ್ಲದಿದ್ದರೆ ಎಳೆಯ ಮರಗಳಿಗೆ ಎಷ್ಟು ನೀರು ಹೊತ್ತರೂ ಸಾಲದು.

ಕಾಂಫ್ರಿ ಅಂತ ಒಂದು ಗಿಡ ಮರಗಳ ಬುಡದಲ್ಲೆಲ್ಲ ಇದೆ. ಎಲೆ ಮುಟ್ಟಿದರೆ ಕುಂಬಳದ ಎಲೆಯ ಹಾಗೆ ಸುಂಕು ಚುಚ್ಚುತ್ತದೆ. ಅದನ್ನು ಕುಯ್ದು ಕುಯ್ದು ಅಲ್ಲೇ ಮರದ ಬುಡಕ್ಕೆ ಹಾಕುತ್ತಾರೆ, ಮತ್ತೆ ಚಿಗುರುತ್ತದೆ. ಅಮ್ಮನಿಗೆ ಇಂಗ್ಲಿಷ್ ಬರೋದಿಲ್ಲ. ಪಕ್ಕದಲ್ಲಿದ್ದ ಹೆಂಗಸು ಕುಡುಗೋಲು ಹಿಡಿದು ಒಂದು ಸಲ ತೋರಿಸಿದರು, ಅಷ್ಟೇ. ಹೊಂಗೆ ಸೊಪ್ಪು ತೆಂಗಿನ ಬುಡಕ್ಕೆ ಹಾಕಿ ಬೆಳೆದ ಕೈ ಅದು. ಹತ್ತು ನಿಮಿಷದಲ್ಲಿ ಇಡೀ ಸಾಲು ಮುಗಿಸಿದರು. ಮಧ್ಯಾಹ್ನ ಎಲ್ಲರ ಜೊತೆ ಕೂತು ಊಟ. ಆ ಹೆಂಗಸು ಅಮ್ಮನ ತಟ್ಟೆಗೆ ಒಂದು ಹಿಡಿ ರಾಸ್‌ಬೆರಿ ಹಾಕಿದರು.

ಆಗಸ್ಟಿನಲ್ಲಿ ಮತ್ತೆ ಹೋದೆವು, ಈ ಸಲ ತಿನ್ನೋಕೆ. ಹಣ್ಣಿನ ವಿಷಯದಲ್ಲಿ ಎರಡು ಮಾತು ನೆನಪಿಡಿ. ಹಣ್ಣಾದ ರಾಸ್‌ಬೆರಿಯನ್ನು ಬೆರಳಲ್ಲಿ ಹಿಡಿದರೆ ಸಾಕು, ಬಿಳಿ ದಿಂಡನ್ನು ಗಿಡದಲ್ಲೇ ಬಿಟ್ಟು ಕೈಗೆ ಬರುತ್ತದೆ. ಎಳೆಯಬೇಕಾಗಿ ಬಂದರೆ ಬಿಟ್ಟುಬಿಡಿ, ಇನ್ನೂ ಆಗಿಲ್ಲ. ಅಂಜೂರ ಹಣ್ಣಾದಾಗ ಕತ್ತು ಬಗ್ಗಿಸಿ ಜೋತು ಬೀಳುತ್ತದೆ. ನೆಟ್ಟಗೆ ನಿಂತಿದ್ದರೆ ಅದು ಕಾಯಿ, ಕಿತ್ತರೆ ಬಿಳಿ ಹಾಲು ಸುರಿದು ಕೈ ಕಡಿಯುತ್ತದೆ. ಅತ್ತಿಮರದ ಜಾತಿಯೇ ತಾನೆ.

ಆ ದಿನ ಬೇಜಾರಾದ ಒಂದು ಸಂಗತಿಯೂ ಆಯಿತು. ಇಬ್ಬರು ಬಂದು ಪ್ಲಮ್ ಮರದ ಕೊಂಬೆ ಬಗ್ಗಿಸಿ, ಕಾಯಿ ಹಣ್ಣು ಅಂತ ನೋಡದೆ ಎರಡು ದೊಡ್ಡ ಚೀಲ ತುಂಬಿಕೊಂಡು ಹೋದರು. ಒಂದು ಕೊಂಬೆ ಸೀಳಿತು. ನನಗೆ ತುಂಬಾ ಸಿಟ್ಟು ಬಂತು. ಕಾವಲಿಲ್ಲದ ತೋಟಕ್ಕೆ ಇದೊಂದು ತೊಂದರೆ ಇದ್ದೇ ಇರುತ್ತದೆ. ಹಾಗಂತ ಬೇಲಿ ಹಾಕಬೇಕು ಅಂತ ನನಗೆ ಅನ್ನಿಸಲಿಲ್ಲ. ಬೇಲಿ ಬಂದರೆ ಅಮ್ಮ "ಇದು ಯಾರ್ದು" ಅಂತ ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಸುಳ್ಳಾಗುತ್ತದೆ.

ಇನ್ನೊಂದು ಮುಖ್ಯ ವಿಷಯ. ಇಲ್ಲಿ ಎಲ್ಲವೂ ಎಲ್ಲರದ್ದಲ್ಲ. ಕೆಲವು ಪಾತಿಗಳು ಒಬ್ಬೊಬ್ಬರು ಪಡೆದುಕೊಂಡು ಬೆಳೆಸುವಂಥವು, 1973ರಿಂದ ನಗರದಲ್ಲಿ ನಡೆಯುತ್ತಿರುವ ಪಿ-ಪ್ಯಾಚ್ ಅನ್ನುವ ಯೋಜನೆಯದ್ದು. ಬೋರ್ಡು ನೋಡಿ, ಗೊತ್ತಾಗದಿದ್ದರೆ ಕೇಳಿ, ಆಮೇಲೆ ಕೈ ಹಾಕಿ. ಅದು ಯಾರೋ ಒಬ್ಬರ ಮನೆಯ ರಾತ್ರಿ ಅಡುಗೆ.

ಹೋಗೋದು ಸುಲಭ. ಲೈಟ್ ರೈಲಿನಲ್ಲಿ ಬೀಕನ್ ಹಿಲ್ ಸ್ಟೇಷನ್ನಿಗೆ ಬಂದು 60ನೇ ನಂಬರ್ ಬಸ್ಸು ಹಿಡಿಯಿರಿ. ಇಳಿಜಾರು ಇದೆ, ಮಂಡಿನೋವು ಇರುವ ಹಿರಿಯರನ್ನು ನಿಧಾನವಾಗಿ ಇಳಿಸಿ. ಹಳೇ ಬಟ್ಟೆ, ಗಟ್ಟಿ ಶೂ, ನೀರಿನ ಬಾಟಲಿ ಇರಲಿ. ಕೆಲಸದ ದಿನಾಂಕ ಮೊದಲೇ ನೋಡಿಕೊಂಡು ಹೊರಡಿ. ಬೆಲ್‌ವ್ಯೂ, ರೆಡ್‌ಮಂಡ್ ಕಡೆ ಇರುವ ನಮ್ಮವರು ಅಪ್ಪ ಅಮ್ಮ ಬಂದಾಗ ಸ್ಪೇಸ್ ನೀಡಲ್ ಗೋಪುರ ತೋರಿಸಿದ ಮಾರನೇ ದಿನ ಇಲ್ಲಿಗೂ ಕರೆದುಕೊಂಡು ಬನ್ನಿ.

ಐದಕ್ಕೆ ಐದು ಕೊಡುತ್ತಿದ್ದೇನೆ, ಸೀಳಿದ ಕೊಂಬೆ ನೋಡಿದ ಮೇಲೂ. ಅಮ್ಮ ಊರಿಗೆ ಹೋಗಿ ಎರಡು ತಿಂಗಳಾಯಿತು. ಮೊನ್ನೆ ಫೋನಿನಲ್ಲಿ, ನಮ್ಮೂರ ತೋಪಿನಲ್ಲಿ ಈಗ ಉಳಿದಿರೋದು ಮೂರು ಹುಣಸೆ, ಒಂದು ಮಾವು ಅಂದರು. ಎಣಿಸೋಕೆ ಅಂತಲೇ ಹೋಗಿದ್ದರಂತೆ.