ಟಿಸಿ, ಸ್ಯಾಟ್ಸ್ ವರ್ಗಾವಣೆ: ಐದಕ್ಕೆ ಎರಡು ಸ್ಟಾರ್

ಅಕ್ಕನ ಮಗಳನ್ನು ಒಂದು ಹಳ್ಳಿಯ ಸರ್ಕಾರಿ ಶಾಲೆಯಿಂದ ಇನ್ನೊಂದಕ್ಕೆ ಸೇರಿಸುವ ಓಡಾಟ ಈ ಸಲ ನನ್ನ ಪಾಲಿಗೆ ಬಂತು. ಮೂರನೇ ಕ್ಲಾಸು. ಎರಡು ಸ್ಟಾರ್ ಶಾಲೆಗಲ್ಲ, ಮೇಷ್ಟ್ರಿಗಂತೂ ಅಲ್ಲವೇ ಅಲ್ಲ. ಕಾಗದ ಓಡಾಡುವ ಆ ವ್ಯವಸ್ಥೆಗೆ.

ಒಳ್ಳೆಯದನ್ನು ಮೊದಲೇ ಹೇಳಿಬಿಡ್ತೀನಿ. ಯಾರೂ ದುಡ್ಡು ಕೇಳಲಿಲ್ಲ. ಸ್ಯಾಟ್ಸ್ ಅಂದರೆ ಶಾಲಾ ಮಕ್ಕಳ ದಾಖಲೆ ಇಡುವ ಶಿಕ್ಷಣ ಇಲಾಖೆಯ ಆನ್‌ಲೈನ್ ವ್ಯವಸ್ಥೆ. ಅದರಲ್ಲಿ ಮಗುವಿಗೆ ಒಂದೇ ನಂಬರು, ರಾಜ್ಯದಲ್ಲಿ ಯಾವ ಶಾಲೆಗೆ ಹೋದರೂ ಅದೇ.

ಸಿಕ್ಕಿಕೊಂಡಿದ್ದು ಇನಿಷಿಯಲ್‌ನಲ್ಲಿ. ಆಧಾರ್‌ನಲ್ಲಿ ಹೆಸರಿನ ಮುಂದೆ, ಶಾಲೆ ದಾಖಲೆಯಲ್ಲಿ ಹಿಂದೆ. ಅಷ್ಟೇ! "ನಮ್ಮ ಲಾಗಿನ್‌ನಲ್ಲಿ ಆಗಲ್ಲ ಸಾರ್, ಮೇಲಿಂದ ಅಪ್ರೂವ್ ಆಗ್ಬೇಕು" ಅಂದರು ಹೆಡ್ ಮೇಷ್ಟ್ರು. ತಾಲ್ಲೂಕಿನ ಶಿಕ್ಷಣ ಕಚೇರಿಗೆ ಹೋದರೆ ಕೇಸ್ ವರ್ಕರ್ ಮೀಟಿಂಗ್‌ನಲ್ಲಿ, ಮತ್ತೆ ಹೋದರೆ ಕವರಿಂಗ್ ಲೆಟರ್ ಬೇಕು, ಲೆಟರ್‌ಗೆ ಸೀಲು ಬೇಕು, ಸೀಲು ಹಾಕಿಸಿಕೊಂಡು ಬಂದರೆ ಸರ್ವರ್ ಇಲ್ಲ.

ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಟಿಸಿ ತಡ ಆಯ್ತು ಅಂತ ಮಗುವಿಗೆ ಪ್ರವೇಶ ಕೊಡದೆ ಇರುವಂತಿಲ್ಲ, ಟಿಸಿ ತಡ ಮಾಡಿದ ಹೆಡ್ ಮೇಷ್ಟ್ರ ಮೇಲೆ ಶಿಸ್ತು ಕ್ರಮ ಆಗಬಹುದು ಅನ್ನುತ್ತೆ ಅದರ 5ನೇ ಸೆಕ್ಷನ್. ಹೊಸ ಶಾಲೆಯವರು ಮಗುವನ್ನು ಕೂರಿಸಿಕೊಂಡರು, ಬಿಸಿಯೂಟಾನೂ ಹಾಕಿದರು. ಆದರೆ ಆನ್‌ಲೈನ್‌ನಲ್ಲಿ ಹೆಸರು ಬರುವವರೆಗೆ ಪುಸ್ತಕದ ಲೆಕ್ಕದಲ್ಲಿ ಅವಳಿಲ್ಲ. ಪಕ್ಕದ ಹುಡುಗಿಯ ಪುಸ್ತಕಕ್ಕೆ ಕತ್ತು ಚಾಚಿಕೊಂಡೇ ಓದಿದಳು. ಶಿಸ್ತು ಕ್ರಮ ಹೆಡ್ ಮೇಷ್ಟ್ರಿಗೆ, ತಿದ್ದುವ ಅಧಿಕಾರ ಮಾತ್ರ ಇನ್ಯಾರಿಗೋ. ಇದೆಂಥಾ ನ್ಯಾಯ?

ನನಗೆ ಜಾಸ್ತಿ ಬೇಜಾರಾಗಿದ್ದು ಶಾಲೆಯಲ್ಲಿ ಕಾದು ಕೂತಾಗ ಕಂಡಿದ್ದರಿಂದ. ಒಂದರಿಂದ ಐದರವರೆಗೆ ಇಬ್ಬರೇ ಶಿಕ್ಷಕರು, ಕ್ಲರ್ಕ್ ಇಲ್ಲ. ಒಬ್ಬರು ನಲಿ ಕಲಿ (ಒಂದರಿಂದ ಮೂರನೇ ಕ್ಲಾಸು ಒಟ್ಟಿಗೆ ಕಲಿಯುವ ಪದ್ಧತಿ) ಮಕ್ಕಳ ಜೊತೆ ನಾಲ್ಕು, ಐದನ್ನೂ ನೋಡಿಕೊಳ್ಳುತ್ತಿದ್ದರು. ಇನ್ನೊಬ್ಬರು ಜಗಲಿಯ ತುದಿಯಲ್ಲಿ ಸಿಗ್ನಲ್ ಹುಡುಕುತ್ತಾ ಊಟದ ಲೆಕ್ಕ ಮೊಬೈಲ್‌ಗೆ ತುಂಬುತ್ತಿದ್ದರು. ಅದು ಮುಗಿಯುವ ಮೊದಲೇ ವಾಟ್ಸಾಪ್ ಗ್ರೂಪಿನಲ್ಲಿ "ತುರ್ತು" ಅಂತ ಇನ್ನೊಂದು ನಮೂನೆ. ಶಿಕ್ಷಕರನ್ನು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಪಾಠಕ್ಕೆ ಸಂಬಂಧವಿಲ್ಲದ ಕೆಲಸಕ್ಕೆ ಹಾಕಬಾರದು ಅಂತ ಅದೇ ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತೆ. ಈ ನಮೂನೆಗಳೆಲ್ಲ "ಶಾಲೆಯದ್ದೇ ಕೆಲಸ" ಆಗಿಬಿಟ್ಟಿವೆ. ಹಾಗಾಗಿ ಯಾರೂ ಕೇಳುವಂತಿಲ್ಲ. ನನ್ನ ಅರ್ಜಿಯೂ ಅವರ ಪಾಠದ ಹೊತ್ತನ್ನೇ ತಿಂದಿತು ಅನ್ನಿ.

ಕೊನೆಗೆ ಕೆಲಸ ಆಯ್ತು. ಮಕ್ಕಳನ್ನು ಬೇರೆ ಶಾಲೆಗೆ ಸೇರಿಸುವವರು ಟಿಸಿ ಕೇಳುವ ಮೊದಲೇ ಆಧಾರ್ ಮತ್ತು ಶಾಲೆ ದಾಖಲೆ ಪಕ್ಕಪಕ್ಕ ಇಟ್ಟು ಹೆಸರು, ಹುಟ್ಟಿದ ದಿನ, ಅಪ್ಪ ಅಮ್ಮನ ಹೆಸರು ಅಕ್ಷರ ಅಕ್ಷರ ನೋಡಿಕೊಳ್ಳಿ. ತಾಲ್ಲೂಕಿನಲ್ಲಿ ಅರ್ಜಿ ಕೊಟ್ಟರೆ ಸ್ವೀಕೃತಿ ಇಸ್ಕೊಳ್ಳದೆ ಬರಬೇಡಿ.