ಪಿಸಿ ಮತ್ತು ಪಿಎಸ್5, ಎರಡನ್ನೂ ಇಟ್ಟುಕೊಂಡವನ ಅನುಭವ: ರಾತ್ರಿಯ ಆ ಒಂದು ಗಂಟೆ ಎಲ್ಲಿ ಹೋಗುತ್ತದೆ?

ಹೊಸ ಆಟ ಡೌನ್‌ಲೋಡ್ ಮಾಡಿಟ್ಟು, ಊಟ ಮುಗಿಸಿ, ಹೆಡ್‌ಸೆಟ್ ಹಾಕಿಕೊಂಡು ಪಿಸಿ ಮುಂದೆ ಕೂತರೆ ಮೊದಲು ಎದುರಾಗುವುದು ಆಟವಲ್ಲ. ಶೇಡರ್ ಕಂಪೈಲ್ ಆಗುತ್ತಿದೆ ಎನ್ನುವ ಸಾಲು (ಅದೇನೆಂದು ಮುಂದೆ ಹೇಳುತ್ತೇನೆ), ಅದರ ಪಕ್ಕ ಶೇಕಡಾ ಲೆಕ್ಕ. 36, 37, 37, 37, 38. ಪ್ರೊಸೆಸರಿನ ಎಲ್ಲ ಕೋರ್‌ಗಳೂ ನೂರಕ್ಕೆ ನೂರು ದುಡಿಯುತ್ತಿರುತ್ತವೆ, ಫ್ಯಾನ್ ಪೂರ್ತಿ ವೇಗಕ್ಕೆ ಏರಿರುತ್ತದೆ. ‘ಏನ್ರೀ ಅದು, ಈ ಹೊತ್ನಲ್ಲಿ ಮಿಕ್ಸಿ ಹಾಕಿದ ಹಾಗೆ ಸದ್ದು?’ ಅಂತ ಒಳಗಿನಿಂದ ಹೆಂಡತಿ ಕೇಳುತ್ತಾಳೆ. ಹತ್ತು ನಿಮಿಷ ಹಿಡಿಯಬಹುದು. ಕೆಲವು ಆಟಗಳಲ್ಲಿ ಇಪ್ಪತ್ತು ದಾಟುವುದೂ ಉಂಟು.

ತುಮಕೂರಿನಲ್ಲಿ ನನ್ನ ಕೆಲಸ, ಮನೆ. ಆಫೀಸಿನಿಂದ ಬಂದು, ಮಗಳ ಹೋಮ್‌ವರ್ಕ್ ನೋಡಿ, ಊಟ ಮುಗಿಸುವಷ್ಟರಲ್ಲಿ ಒಂಬತ್ತೂವರೆ. ಆಟಕ್ಕೆ ಸಿಗುವುದು ಒಂದು ಗಂಟೆ, ಹೆಚ್ಚೆಂದರೆ ಒಂದೂಕಾಲು. ಪಿಸಿ ಒಳ್ಳೆಯದೋ, ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್ 5 (ಪಿಎಸ್5) ಥರದ ಕನ್ಸೋಲ್ ಒಳ್ಳೆಯದೋ ಎಂಬ ಚರ್ಚೆಯಲ್ಲಿ ಎಲ್ಲರೂ ಫ್ರೇಮ್ ರೇಟು (ಸೆಕೆಂಡಿಗೆ ಎಷ್ಟು ಚಿತ್ರ), ರೆಸಲ್ಯೂಶನ್ನು ಅಂತ ಮಾತಾಡುತ್ತಾರೆ. ನನ್ನಂಥವರಿಗೆ ಮುಖ್ಯವಾಗುವ ಪ್ರಶ್ನೆ ಬೇರೆ: ಆ ಒಂದು ಗಂಟೆಯಲ್ಲಿ ಆಟ ಆಡುವುದು ಎಷ್ಟು ಹೊತ್ತು?

ಪಿಸಿ ಕಟ್ಟಿಸಿದ್ದು 2022ರ ಕೊನೆಯಲ್ಲಿ, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಪಾರ್ಟ್ಸ್ ತೆಗೆದು: ರೈಜನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್. ಅದಕ್ಕೂ ಮುಂಚೆ ಗ್ರಾಫಿಕ್ಸ್ ಕಾರ್ಡ್ ಮುಟ್ಟುವ ಹಾಗೇ ಇರಲಿಲ್ಲ. ಒಂದು ಕಡೆ ಚಿಪ್ ಕೊರತೆ, ಇನ್ನೊಂದು ಕಡೆ ಕ್ರಿಪ್ಟೋ ಮೈನಿಂಗ್ ಮಾಡುವವರು ಕಾರ್ಡ್‌ಗಳನ್ನು ರಾಶಿಗಟ್ಟಲೆ ಕೊಳ್ಳುತ್ತಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಕ್ರಿಪ್ಟೋದ ಮೈನಿಂಗ್ ನಿಂತ ಮೇಲೆ ಬೆಲೆ ನೆಲಕ್ಕಿಳಿಯಿತು. ಮರುವರ್ಷ ಆಫರ್‌ನಲ್ಲಿ ಡಿಸ್ಕ್ ಇರುವ ಪಿಎಸ್5 ಬಂತು. ಮೊದಲು ಅದು ಹಾಲ್‌ನಲ್ಲಿತ್ತು, ಈಗ ಎರಡೂ ಒಂದೇ ಮೇಜಿನ ಮೇಲಿವೆ.

ಈ ಶೇಡರ್ ಕಾಟ ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪಿಸಿ ಕೊಳ್ಳುವ ಮುಂಚೆ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಒಂದು ಗೋಡೆಯ ಮೇಲೆ ಬೆಳಕು ಹೇಗೆ ಬೀಳಬೇಕು, ನೀರು ಹೇಗೆ ಮಿನುಗಬೇಕು, ಹೊಗೆ ಹೇಗೆ ಚದುರಬೇಕು ಅಂತ ಗ್ರಾಫಿಕ್ಸ್ ಚಿಪ್‌ಗೆ ಹೇಳಿಕೊಡುವ ಚಿಕ್ಕ ಪ್ರೋಗ್ರಾಮೇ ಶೇಡರ್. ದೊಡ್ಡ ಆಟದಲ್ಲಿ ಇಂಥವು ಸಾವಿರಗಟ್ಟಲೆ ಇರುತ್ತವೆ. ಪ್ರತಿಯೊಂದನ್ನೂ ಆಯಾ ಚಿಪ್‌ನ ಭಾಷೆಗೆ ಇಳಿಸಬೇಕು. ಪಿಎಸ್5 ಎಲ್ಲರ ಮನೆಯಲ್ಲೂ ಹೆಚ್ಚುಕಮ್ಮಿ ಒಂದೇ ಥರದ್ದು. ಹಾಗಾಗಿ ಸ್ಟುಡಿಯೋದವರೇ ಆ ಕೆಲಸ ಮುಗಿಸಿ, ಸಿದ್ಧ ಶೇಡರ್‌ಗಳನ್ನು ಆಟದ ಜೊತೆಗೇ ಕೊಡುತ್ತಾರೆ. ಪಿಸಿಯಲ್ಲಿ ನನ್ನ ಕಾರ್ಡ್ ಬೇರೆ, ನಿಮ್ಮ ಕಾರ್ಡ್ ಬೇರೆ, ಕಾರ್ಡನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್ ಕೂಡ ಬೇರೆ. ಆದ್ದರಿಂದ ಆ ಕೆಲಸ ನಮ್ಮ ಮನೆಯಲ್ಲೇ, ನಮ್ಮ ಹೊತ್ತಿನಲ್ಲೇ ಆಗಬೇಕು. ಆಟಕ್ಕೂ ಗ್ರಾಫಿಕ್ಸ್ ಕಾರ್ಡಿಗೂ ನಡುವೆ ಮಾತು ಮುಟ್ಟಿಸುವ ಮೈಕ್ರೋಸಾಫ್ಟ್ ತಂತ್ರಾಂಶ ಡೈರೆಕ್ಟ್‌ಎಕ್ಸ್ 11ರ ಕಾಲದಲ್ಲಿ ಇದರ ಬಹುಪಾಲನ್ನು ಡ್ರೈವರ್ ತೆರೆಮರೆಯಲ್ಲಿ ನಿಭಾಯಿಸುತ್ತಿತ್ತು. 12 ಬಂದ ಮೇಲೆ ಹೊಣೆ ಆಟ ಬರೆಯುವವರ ಮೇಲೆ ಬಿತ್ತು. ಕೆಲವರು ಅದನ್ನು ಚೆನ್ನಾಗಿ ಹೊತ್ತರು, ಎಷ್ಟೋ ಜನ ಹೊರಲಿಲ್ಲ.

ಕಾಯಿಸುವ ಆಟವಾದರೂ ವಾಸಿ. ಕಾಯಿಸದೆ ನೇರ ಆಟಕ್ಕೆ ಬಿಡುವವು ಇನ್ನೂ ಕಷ್ಟ. ಮೊದಲ ಸಲ ಬಾಗಿಲು ತೆಗೆದಾಗ, ಮೊದಲ ಸಲ ಬೆಂಕಿ ಹೊತ್ತಿದಾಗ ಚಿತ್ರ ಗಕ್ಕನೆ ನಿಂತು ಮುಂದೆ ಹೋಗುತ್ತದೆ. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದೊಂದಕ್ಕೆ 16.7 ಮಿಲಿಸೆಕೆಂಡ್. ನಡುವೆ ಒಂದೇ ಒಂದು ಫ್ರೇಮ್ 150 ಮಿಲಿಸೆಕೆಂಡ್ ತೆಗೆದುಕೊಂಡರೂ ಸರಾಸರಿ ಲೆಕ್ಕದಲ್ಲಿ ಅದು ಕಾಣುವುದಿಲ್ಲ, ಕಣ್ಣಿಗೆ ಮಾತ್ರ ಚುಚ್ಚುತ್ತದೆ. ಗ್ರಾಫಿಕ್ಸ್ ಸೆಟ್ಟಿಂಗ್ ಕಮ್ಮಿ ಮಾಡಿ ನೋಡಿದೆ, ಫ್ರೇಮ್ ರೇಟಿಗೆ ಮಿತಿ ಹಾಕಿದೆ, ಏನು ಮಾಡಿದರೂ ಹೋಗಲಿಲ್ಲ. ಇನ್ನು ಡ್ರೈವರ್ ಅಪ್‌ಡೇಟ್ ಆದರೆ ಹಿಂದೆ ಕಟ್ಟಿಟ್ಟ ಶೇಡರ್‌ಗಳು ಕೆಲಸಕ್ಕೆ ಬಾರದೆ ಎಲ್ಲವೂ ಮೊದಲಿನಿಂದ ಶುರು.

‘ದ ಲಾಸ್ಟ್ ಆಫ್ ಅಸ್ ಪಾರ್ಟ್ 1’ 2023ರ ಮಾರ್ಚ್ 28ಕ್ಕೆ ಪಿಸಿಗೆ ಬಂದಾಗ ಇದೇ ದೊಡ್ಡ ಗಲಾಟೆಯಾಗಿತ್ತು. ಪಿಸಿ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಹಣ ವಾಪಸ್ ಬೇಕಿದ್ದರೆ ಕೊಂಡ 14 ದಿನದೊಳಗೆ ಕೇಳಬೇಕು, ಆಡಿದ ಹೊತ್ತು 2 ಗಂಟೆ ಮೀರಿರಬಾರದು. ಶೇಡರ್ ಕಟ್ಟುವ ಹೊತ್ತಿನಲ್ಲೂ ಆಟ ತೆರೆದೇ ಇರುವುದರಿಂದ ಅದೂ ಆ 2 ಗಂಟೆಯ ಲೆಕ್ಕಕ್ಕೇ ಸೇರುತ್ತಿತ್ತು. ಸ್ಟುಡಿಯೋದವರು ಆಮೇಲೆ ಒಂದರ ಹಿಂದೊಂದು ಪ್ಯಾಚ್ ಬಿಟ್ಟು ಸರಿಪಡಿಸಿದರು. ನಾನು ಆ ಆಟವನ್ನು ಪಿಎಸ್5ರಲ್ಲಿ ಆಡಿದೆ. ಶೇಡರ್ ಎನ್ನುವ ಹೆಸರೇ ಅಲ್ಲಿ ಕೇಳಿಬರಲಿಲ್ಲ.

ಪಿಎಸ್5ರ ಸುಖ ಇರುವುದು ಇಲ್ಲೇ. ಕಂಟ್ರೋಲರ್ ನಡುವಿನ ಬಟನ್ ಒತ್ತುತ್ತೇನೆ, ಕನ್ಸೋಲ್ ‘ಬೀಪ್’ ಅನ್ನುತ್ತದೆ, ಟಿವಿ ತಾನಾಗಿ ಎದ್ದು ಸರಿಯಾದ ಎಚ್‌ಡಿಎಂಐಗೆ ಬರುತ್ತದೆ. ನಿನ್ನೆ ರಾತ್ರಿ ಎಲ್ಲಿ ನಿಲ್ಲಿಸಿದ್ದೆನೋ ಅದೇ ಮೆಟ್ಟಿಲ ಮೇಲೆ ನನ್ನ ಪಾತ್ರ ನಿಂತಿರುತ್ತದೆ. ಲಾಂಚರ್ ಇಲ್ಲ, ಲಾಗಿನ್ ಇಲ್ಲ, ವಿಂಡೋಸ್ ಅಪ್‌ಡೇಟ್ ಇಲ್ಲ. ನೀರಿನ ಲೋಟ ಪಕ್ಕಕ್ಕಿಟ್ಟು ಕೂರುವಷ್ಟರಲ್ಲಿ ಆಟದೊಳಗೆ ಇರುತ್ತೇನೆ. ಕಂಟ್ರೋಲರ್ ಕೈಗೆ ಕೊಡುವ ಕಂಪನದ ಬಗ್ಗೆಯೂ ಹೇಳಲೇಬೇಕು. ಕನ್ಸೋಲ್ ಜೊತೆಗೇ ಬರುವ ‘ಆ್ಯಸ್ಟ್ರೋಸ್ ಪ್ಲೇರೂಮ್’ನಲ್ಲಿ ಮರಳಿನ ಮೇಲೆ ನಡೆದರೆ ಒಂದು ಥರ, ಗಾಜಿನ ಮೇಲೆ ನಡೆದರೆ ಇನ್ನೊಂದು ಥರ, ಮಳೆ ಬಂದರೆ ಹನಿಹನಿಯೂ ಅಂಗೈಗೆ ತಾಗುತ್ತದೆ. ಮಗಳು ಕಣ್ಣು ಮುಚ್ಚಿಕೊಂಡು ‘ಅಪ್ಪಾ, ಈಗ ಮಳೆ’ ಅಂತ ಗುರುತು ಹಿಡಿಯುತ್ತಾಳೆ.

ಇಷ್ಟು ಓದಿ ಕನ್ಸೋಲೇ ಗೆದ್ದಿತು ಅಂದುಕೊಳ್ಳಬೇಡಿ. ನಮ್ಮ ಮನೆಗಳಲ್ಲಿ ಟಿವಿ ಒಂದೇ. ನನ್ನ ಹೊತ್ತು ಶುರುವಾಗುವ ಒಂಬತ್ತೂವರೆಗೆ ಸರಿಯಾಗಿ ಅಮ್ಮನ ಧಾರಾವಾಹಿ, ಐಪಿಎಲ್ ಇದ್ದರೆ ಅಪ್ಪನ ಮ್ಯಾಚ್, ಬಿಗ್ ಬಾಸ್ ನಡೆಯುವ ತಿಂಗಳುಗಳಲ್ಲಿ ಎಲ್ಲರೂ ಅದರ ಮುಂದೆ. ಹತ್ತು ಸೆಕೆಂಡಿಗೆ ಸಿದ್ಧವಾಗುವ ಕನ್ಸೋಲ್ ಇಟ್ಟುಕೊಂಡು ಟಿವಿ ಬಿಡುವಾಗುವುದನ್ನು ಕಾಯುತ್ತಾ ಕೂರುವ ಪರಿಸ್ಥಿತಿ. ಕೊನೆಗೆ ಪಿಎಸ್5 ಅನ್ನು ಹಾಲ್‌ನಿಂದ ರೂಮಿಗೆ ತಂದು ಪಿಸಿ ಮಾನಿಟರ್‌ನ ಎರಡನೇ ಎಚ್‌ಡಿಎಂಐಗೆ ಹಾಕಿದೆ. 2022ರ ಸೆಪ್ಟೆಂಬರ್ ಅಪ್‌ಡೇಟ್‌ನಿಂದ 1440ಪಿ ಮಾನಿಟರ್‌ಗೂ ನೇರವಾಗಿ ಹೊಂದಿಕೊಳ್ಳುತ್ತದೆ. ನನ್ನ ಮಾನಿಟರಿಗೆ ಸ್ಪೀಕರ್ ಇಲ್ಲ. ಕಂಟ್ರೋಲರ್‌ನ ಕೆಳಗಿರುವ 3.5 ಎಂಎಂ ಜ್ಯಾಕ್‌ಗೆ ಹೆಡ್‌ಸೆಟ್ ಸಿಕ್ಕಿಸಿದರೆ ಆಯಿತು. ದೊಡ್ಡ ಟಿವಿಯ ಮುಂದೆ ಸೋಫಾದಲ್ಲಿ ಒರಗಿ ಆಡುವ ಸುಖ ಮಾತ್ರ ಭಾನುವಾರ ಮಧ್ಯಾಹ್ನಕ್ಕೆ ಸೀಮಿತವಾಯಿತು.

ಇನ್ನೊಂದು, ಕರೆಂಟ್. ಆಟವನ್ನು ನಿಲ್ಲಿಸಿದಲ್ಲೇ ಹಿಡಿದಿಡುವ ರೆಸ್ಟ್ ಮೋಡ್‌ನಲ್ಲಿ ಯಂತ್ರ ಪೂರ್ತಿ ಆರಿರುವುದಿಲ್ಲ, ಸಣ್ಣಗೆ ಕರೆಂಟ್ ತಿನ್ನುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ ಕರೆಂಟ್ ಹೋಗಿ ಬಂದಿದ್ದರೆ ರಾತ್ರಿ ಮೆಟ್ಟಿಲೂ ಇಲ್ಲ, ಪಾತ್ರವೂ ಇಲ್ಲ. ಸರಿಯಾಗಿ ಆಫ್ ಮಾಡಿಲ್ಲ ಎನ್ನುವ ಸಂದೇಶ ತೋರಿಸಿ ಸ್ಟೋರೇಜ್ ಪರೀಕ್ಷೆಗೆ ಇಳಿಯುತ್ತದೆ. ಮಾರ್ಚ್‌ನಿಂದ ಮೇ ವರೆಗೆ ನಾನು ರೆಸ್ಟ್ ಮೋಡ್ ಬಳಸುವುದನ್ನೇ ಬಿಟ್ಟಿದ್ದೇನೆ. ಯುಪಿಎಸ್ ವಿಷಯದಲ್ಲಿ ಕನ್ಸೋಲ್ ಹಗುರ: ಆಟ ನಡೆಯುವಾಗ ಸುಮಾರು 200 ವ್ಯಾಟ್ ಎಳೆಯುತ್ತದೆ. ನನ್ನ ಪಿಸಿ ಮಾನಿಟರ್ ಸೇರಿ 300ರ ಹತ್ತಿರ ಹೋಗುತ್ತದೆ. ಮನೆಯ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಪಿಸಿ ಹಾಕಬೇಡಿ. ಪಿಸಿಗೆ ಕರೆಂಟ್ ಕೊಡುವ ಈಗಿನ ಎಸ್‌ಎಂಪಿಎಸ್‌ಗಳಿಗೆ ಅದು ಒಗ್ಗುವುದಿಲ್ಲ. ಸೈನ್ ವೇವ್ ಇದ್ದರೆ ಚಿಂತೆಯಿಲ್ಲ.

ದುಡ್ಡಿನ ಲೆಕ್ಕ ಎಲ್ಲರಿಗೂ ಗೊತ್ತಿರುವಂಥದ್ದೇ. ಪಿಎಸ್5ರ ದೊಡ್ಡ ಆಟ ಹೊಸದಾಗಿ ಬಂದಾಗ ಐದು ಸಾವಿರ ರೂಪಾಯಿ ಆಸುಪಾಸು. ಡಿಸ್ಕ್ ಆದರೆ ಆಡಿ ಮುಗಿಸಿ ಮಾರಬಹುದು, ಗೆಳೆಯರ ಜೊತೆ ಬದಲಾಯಿಸಿಕೊಳ್ಳಬಹುದು. ಡಿಸ್ಕ್ ಇಲ್ಲದ ಡಿಜಿಟಲ್ ಮಾಡೆಲ್ ಕೊಳ್ಳುವವರು ಇದನ್ನು ಯೋಚಿಸಿ. ದುಡ್ಡು ಕೊಟ್ಟು ಕೊಂಡ ಆಟವನ್ನು ಆನ್‌ಲೈನ್‌ನಲ್ಲಿ ಬೇರೆಯವರೊಡನೆ ಆಡಲು ಪಿಎಸ್ ಪ್ಲಸ್ ಚಂದಾ ಬೇರೆ. ಪಿಸಿಯಲ್ಲಿ ಆ ಚಂದಾ ಇಲ್ಲ, ಇನ್ನೊಂದು ಆನ್‌ಲೈನ್ ಅಂಗಡಿಯಾದ ಎಪಿಕ್‌ನವರು ವಾರವಾರ ಆಟಗಳನ್ನು ಉಚಿತವಾಗಿ ಕೊಡುತ್ತಾರೆ, ಸ್ಟೀಮ್ ಸೇಲ್‌ನಲ್ಲಿ ಹೋಟೆಲಿನ ಒಂದು ಊಟದ ದುಡ್ಡಿಗೆ ತಿಂಗಳುಗಟ್ಟಲೆ ಆಡುವ ಆಟ ಸಿಗುತ್ತದೆ.

ಆದರೆ ಪಿಸಿಯ ಮೇಲಿನ ನನ್ನ ಸಿಟ್ಟು ಕರಗುವುದು ದುಡ್ಡಿನ ಮಾತಿಗಲ್ಲ, ‘ಕ್ರಿಕೆಟ್ 07’ ಎದುರಿಗೆ. ಇಎ ಸ್ಪೋರ್ಟ್ಸ್ 2006ರಲ್ಲಿ ತಂದ ಆಟ. ಅದಾದ ಮೇಲೆ ಆ ಸಾಲಿನಲ್ಲಿ ಹೊಸ ಆಟವೇ ಬರಲಿಲ್ಲ. ಆದರೂ ಅದು ಸತ್ತಿಲ್ಲ, ಯಾಕೆಂದರೆ ಅಭಿಮಾನಿಗಳು ಬಿಟ್ಟಿಲ್ಲ. ಐಪಿಎಲ್ ಹತ್ತಿರ ಬಂತೆಂದರೆ ಹೊಸ ತಂಡಗಳ ಪಟ್ಟಿ, ಹೊಸ ಜರ್ಸಿ, ಹೊಸ ಸ್ಟೇಡಿಯಂ ಎಲ್ಲವನ್ನೂ ಯಾರೋ ಕೂತು ಮಾಡಿ ಹಂಚುತ್ತಾರೆ. ನಾನು ಆ ಫೈಲ್‌ಗಳನ್ನು ಆಟದ ಫೋಲ್ಡರ್‌ಗೆ ಹಾಕಿ, ತೆರೆದು, ಆರ್‌ಸಿಬಿಯ ಕೆಂಪು ಜರ್ಸಿ ಸರಿಯಾಗಿ ಕೂತಿದೆಯಾ, 18ರ ನಂಬರ್ ಕೊಹ್ಲಿ ಬೆನ್ನ ಮೇಲಿದೆಯಾ ಅಂತ ಮೊದಲು ನೋಡುತ್ತೇನೆ. ಭಾವಮೈದ ಬಂದನೆಂದರೆ ಒಂದು ಐದು ಓವರ್ ಮ್ಯಾಚ್ ಆಗಲೇಬೇಕು. ಅವನಿಗೆ ಕೀಬೋರ್ಡು, ಸ್ಕೂಲಿನಲ್ಲಿದ್ದಾಗ ಸೈಬರ್ ಕೆಫೆಯಲ್ಲಿ ಕಲಿತ ಬೆರಳುಗಳು ಇನ್ನೂ ಮರೆತಿಲ್ಲ. ನನಗೆ ಪಿಎಸ್5ರ ಕಂಟ್ರೋಲರ್, ಡಿಎಸ್4ವಿಂಡೋಸ್ ಎಂಬ ಉಚಿತ ತಂತ್ರಾಂಶದ ಮೂಲಕ. ‘ಭಾವಾ, ಯಾರ್ಕರ್ ಹಾಕ್ತೀರಿ ಅಂತ ಗೊತ್ತು ಬಿಡಿ’ ಅಂತ ಹೇಳಿಯೇ ಲಾಂಗ್ ಆನ್ ಮೇಲೆ ಎತ್ತುತ್ತಾನೆ.

2025ರ ಜೂನ್ 3ಕ್ಕೆ ಅಹಮದಾಬಾದಿನಲ್ಲಿ ಆರ್‌ಸಿಬಿ ಮೊದಲ ಸಲ ಕಪ್ ಗೆದ್ದಾಗ ನಾವು ಮಾಡಿದ ಮೊದಲ ಕೆಲಸ, ಅದೇ ಫೈನಲ್ ಅನ್ನು ಪಂಜಾಬ್ ಎದುರು ಈ ಹಳೆಯ ಆಟದಲ್ಲಿ ಮತ್ತೆ ಆಡಿದ್ದು. ಪಿಎಸ್5ಕ್ಕೆ ಪಿಎಸ್4ರ ಡಿಸ್ಕ್ ಹಾಕಿದರೆ ಬಹುತೇಕ ಎಲ್ಲವೂ ನಡೆಯುತ್ತವೆ. ಆದರೆ ‘ಕ್ರಿಕೆಟ್ 07’ರ ಪಿಎಸ್2 ಡಿಸ್ಕ್ ಅದಕ್ಕೆ ಬೇಡ. ನನ್ನ ಪಿಸಿಗೆ ಎರಡು ದಶಕದ ಹಿಂದಿನ ಆಟವೂ ಬೇಕು, ನಿನ್ನೆ ಬಂದದ್ದೂ ಬೇಕು. ಈ ಒಂದು ವಿಷಯಕ್ಕೆ ನಾನು ಪಿಸಿಯನ್ನು ಎಂದೂ ಬಿಟ್ಟುಕೊಡುವುದಿಲ್ಲ.

ರಿಪೇರಿಯಲ್ಲೂ ಪಿಸಿಯೇ ಮೇಲು. ಒಂದು ರ‍್ಯಾಮ್ ಹೋಯಿತು, ಅದೊಂದನ್ನೇ ಬದಲಾಯಿಸಿದೆ. ಪಿಎಸ್5ರಲ್ಲೂ ಕಂಟ್ರೋಲರ್ ಆದರೆ ಪರವಾಗಿಲ್ಲ: ಅದರ ಎಡ ಸ್ಟಿಕ್ ತಾನಾಗಿ ಸರಿಯಲು ಶುರುವಾದಾಗ ಅಂಗಡಿಯ ಹುಡುಗ ಬಿಚ್ಚಿ ತೋರಿಸಿದ: ‘ನೋಡಿ ಸಾರ್, ಒಳಗಿರೋ ಈ ಪಟ್ಟಿ ಸವೆದಿದೆ. ಸೋಲ್ಡರ್ ಬಿಡಿಸಿ ಪೂರ್ತಿ ಸ್ಟಿಕ್ಕೇ ಹೊಸದು ಕೂರಿಸ್ಬೇಕು.’ ಕೂರಿಸಿಕೊಟ್ಟ, ಈಗಲೂ ಚೆನ್ನಾಗಿದೆ. ಆದರೆ ಕನ್ಸೋಲ್‌ನ ಒಳಗಿನ ಬೋರ್ಡ್‌ಗೆ ಏನಾದರೂ ಆದರೆ ಇಷ್ಟು ಸುಲಭದಲ್ಲಿ ಮುಗಿಯುವುದಿಲ್ಲ.

ಈಗ ಕೊಳ್ಳುವವರಿಗೆ: 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ, ಮೆಮೊರಿ ಚಿಪ್‌ಗಳು ಎಐ ಡೇಟಾ ಸೆಂಟರ್‌ಗಳ ಕಡೆಗೆ ಹೋಗುತ್ತಿವೆ. ನಾನು ಕೊಟ್ಟ ದುಡ್ಡಿಗೆ ಇವತ್ತು ಅದೇ ಪಿಸಿ ಆಗುವುದಿಲ್ಲ. ಕೆಲಸಕ್ಕೂ ಕಂಪ್ಯೂಟರ್ ಬೇಕಾದವರು, ಹಳೆಯ ಆಟಗಳ ಮೇಲೆ ಪ್ರೀತಿ ಇರುವವರು, ಆನ್‌ಲೈನ್‌ನಲ್ಲಿ ಗೆಳೆಯರ ಜೊತೆ ಆಡುವವರು ಪಿಸಿಯನ್ನೇ ಕಟ್ಟಿಸಿ. ರಾತ್ರಿ ಒಂದು ಗಂಟೆ ಬಿಡುವು ಸಿಕ್ಕರೆ ಅದೇ ದೊಡ್ಡದು ಎನ್ನುವವರು, ಸ್ವಂತ ಪರದೆಯೊಂದು ಇದ್ದರೆ, ಡಿಸ್ಕ್ ಮಾಡೆಲ್ ಕನ್ಸೋಲ್ ತೆಗೆದುಕೊಳ್ಳಿ. ಪಿಸಿಯವರು ಒಂದು ಅಭ್ಯಾಸ ಮಾಡಿಕೊಳ್ಳಿ: ಹೊಸ ಆಟವನ್ನು ಊಟಕ್ಕೆ ಕೂರುವ ಮುಂಚೆಯೇ ತೆರೆದಿಡಿ. ತಟ್ಟೆ ತೊಳೆದು ಬರುವಷ್ಟರಲ್ಲಿ ಶೇಡರ್ ಮುಗಿದಿರುತ್ತದೆ. ಡ್ರೈವರ್ ಅಪ್‌ಡೇಟ್ ಅನ್ನು ಭಾನುವಾರ ಬೆಳಗ್ಗೆಗೆ ಇಟ್ಟುಕೊಳ್ಳಿ. ವಾಪಸ್ ಕೊಡುವ ಯೋಚನೆ ಇದ್ದರೆ ಮಾತ್ರ ಸ್ಟೀಮ್‌ನ ಆ 2 ಗಂಟೆ ನೆನಪಿರಲಿ.

ಮೈಕ್ರೋಸಾಫ್ಟ್ 2025ರಲ್ಲಿ ಈ ಶೇಡರ್ ಕಾಟಕ್ಕೊಂದು ದಾರಿ ತೋರಿಸಿದೆ: ಆಟ ಡೌನ್‌ಲೋಡ್ ಆಗುವಾಗಲೇ ಆ ಯಂತ್ರಕ್ಕೆ ಹೊಂದುವ ಸಿದ್ಧ ಶೇಡರ್‌ಗಳೂ ಬರುವ ವ್ಯವಸ್ಥೆ. ಮೊದಲು ಬಂದದ್ದು ಕೈಯಲ್ಲಿ ಹಿಡಿದು ಆಡುವ ಆರ್‌ಒಜಿ ಎಕ್ಸ್‌ಬಾಕ್ಸ್ ಅಲೈಗೆ. ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಕೈಯಲ್ಲಿ ಹಿಡಿದು ಆಡುವ ತನ್ನ ಸ್ಟೀಮ್ ಡೆಕ್‌ನಲ್ಲಿ ಇಂಥದ್ದನ್ನು ಇದಕ್ಕೂ ಮುಂಚೆಯೇ ಮಾಡಿದೆ. ಅಂದರೆ ಆಗದ ಕೆಲಸವೇನಲ್ಲ. ಅಂಗಡಿಯಲ್ಲಿ ಪಾರ್ಟ್ಸ್ ತೆಗೆದು ಜೋಡಿಸಿದ ನನ್ನಂಥವರ ಪಿಸಿಗೆ, ನಾನು ಕೊಂಡ ಎಲ್ಲ ಆಟಗಳಿಗೆ ಅದು ಬರುವವರೆಗೆ ಪಿಎಸ್5 ಮಾರುವುದಿಲ್ಲ. ಹಾಲ್‌ನಲ್ಲಿ ಅದಿದ್ದ ಜಾಗಕ್ಕೆ ಅಮ್ಮ ಆಗಲೇ ಹೂದಾನಿ ಇಟ್ಟಿದ್ದಾರೆ. ಅದು ರೂಮಿನಲ್ಲೇ ಇರಲಿ.