ಹಳೇ ಲಾರಿಗೆ ರಬ್ಬರ್ ಮ್ಯಾಟ್: ಹಾಸುವ ಮುಂಚೆ ಒಂದು ಮಾತು

ನನ್ನ ಲಾರಿಗೆ ಈಗ 19 ವರ್ಷ. ಇಂಜಿನ್ ಇನ್ನೂ ಗಟ್ಟಿಯಾಗಿದೆ. ತೊಂದರೆ ಕೊಡುತ್ತಿದ್ದದ್ದು ನೀರು. ಜೋರು ಮಳೆ ಬಂದರೆ ಕ್ಲೀನರ್ ಬದಿಯ ನೆಲ ಒದ್ದೆ. ಎರಡು ದಿನ ಬಿಟ್ಟು ಬಾಗಿಲು ತೆಗೆದರೆ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯುತ್ತಿತ್ತು.

ಅಂಚು ಎತ್ತರ ಇರುವ ದಪ್ಪ ರಬ್ಬರ್ ಮ್ಯಾಟ್ ಹಾಕಿಸಿ 8 ತಿಂಗಳಾಯಿತು. ಮ್ಯಾಟ್ ನನಗೆ ತುಂಬಾ ಇಷ್ಟವಾಗಿದೆ. ಆದರೆ ಸೋರುವ ಕ್ಯಾಬಿನ್‌ಗೆ ಸುಮ್ನೆ ತಂದು ಹಾಸಿಬಿಟ್ಟರೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಯಾಕೆ ಅಂದರೆ, ನನ್ನ ಗಾಡಿಯಲ್ಲೇ ನೋಡಿದೆ. ಮೊದಲಿನ ಮಾಲೀಕರು ಕಾರ್ಪೆಟ್ ಮೇಲೆ ಒಂದು ರಬ್ಬರ್ ಹಾಳೆ ಹಾಸಿದ್ದರು. ಎರಡನ್ನೂ ಎತ್ತಿದೆ. ಕೆಳಗಿನ ನಾರಿನ ಪದರ ಚೆನ್ನಾಗಿ ನೀರು ಕುಡಿದು ಕೂತಿತ್ತು. ಹಿಂಡಿದರೆ ಕಂದು ನೀರು ಸುರಿಯಿತು. ಸ್ಕ್ರೂಡ್ರೈವರ್ ಹಿಡಿಯಿಂದ ತಗಡು ಕುಟ್ಟುತ್ತಾ ಹೋದೆ. ಎಲ್ಲಾ ಕಡೆ ಟಣ್ ಟಣ್ ಅನ್ನುತ್ತಿದ್ದದ್ದು ಕ್ಲೀನರ್ ಸೀಟಿನ ಮುಂದೆ ಡಬ್ ಅಂದಿತು. ತಿರುಗಿಸಿ ತುದಿಯಿಂದ ಚುಚ್ಚಿದರೆ ಒಳಗೇ ಇಳಿಯಿತು. ತುಕ್ಕು ಕೆದರಿದಾಗ ಅಂಗೈ ಅಗಲದ ತೂತು, ಕೆಳಗೆ ಮಣ್ಣು ಕಾಣುತ್ತಿತ್ತು. ನೆಲ ಕಾಯಬೇಕಾದ ಹಾಸೇ ನೀರನ್ನು ಆರಲು ಬಿಡದೆ ನೆಲ ತಿನ್ನಿಸಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಹೀಗಾಗಿ ಮೊದಲು ಸೋರಿಕೆ ಹುಡುಕಿ. ಹೀಟರ್ ಇರುವ ಗಾಡಿಯಾದರೆ ಒದ್ದೆ ಜಾಗವನ್ನು ಬೆರಳಲ್ಲಿ ಮುಟ್ಟಿ ನೋಡಿ. ಅಂಟಂಟಾಗಿ ಇದ್ದು ಸಿಹಿ ವಾಸನೆ ಬಂದರೆ ಅದು ಮಳೆ ನೀರಲ್ಲ, ಹೀಟರ್‌ನಿಂದ ಸೋರಿದ ಕೂಲೆಂಟ್, ಅಂದರೆ ಇಂಜಿನ್ ತಂಪಾಗಿಸುವ ದ್ರವ. ಮಳೆ ನೀರೇ ಆದರೆ ಪೈಪ್ ಹಿಡಿದು ಕೆಳಗಿಂದ ಮೇಲಕ್ಕೆ ನಿಧಾನವಾಗಿ ಬಿಡುತ್ತಾ ಬನ್ನಿ. ಮೇಲಿಂದ ಶುರು ಮಾಡಿದರೆ ನೀರು ಎಲ್ಲಾ ಕಡೆ ಹರಿದು ಎಲ್ಲಿಂದ ಬಂತು ಅಂತ ಗೊತ್ತೇ ಆಗಲ್ಲ. ನಾನು ತಮ್ಮನ ಕೈಗೆ ಟಾರ್ಚ್ ಕೊಟ್ಟು ಡ್ಯಾಶ್‌ಬೋರ್ಡ್ ಕೆಳಗೆ ಮಲಗಿಸಿದೆ. ಮುಂದಿನ ಗ್ಲಾಸಿನ ಕೆಳಮೂಲೆಗೆ ನೀರು ಬಿಟ್ಟಾಗ, "ಅಣ್ಣಾ, ನಿಲ್ಸು, ಬಂತು!" ಅಂದ. ಬೀಡಿಂಗ್ ಅಂದರೆ ಗ್ಲಾಸ್ ಸುತ್ತ ಇರುವ ರಬ್ಬರ್ ಪಟ್ಟಿ; ಅದರ ಸಂದಿಯಲ್ಲಿ ಇಳಿದ ನೀರು ವೈರ್ ಗುಂಟ ಹರಿದು ಮಾರು ದೂರದಲ್ಲಿ ತೊಟ್ಟಿಕ್ಕುತ್ತಿತ್ತು.

ಬಾಗಿಲಲ್ಲೂ ತಪ್ಪಿತ್ತು. ಕಿಟಕಿ ಗ್ಲಾಸ್ ಮೇಲೆ ಬಿದ್ದ ಮಳೆ ಬಾಗಿಲ ಒಳಗೆ ಇಳಿಯುವುದು ಸಹಜ. ಅಡಿಯಲ್ಲಿರುವ ತೂತುಗಳಿಂದ ಅದು ಹೊರಗೆ ಹೋಗಬೇಕು. ನನ್ನವು ಕೆಸರು ಕಟ್ಟಿ ಮುಚ್ಚಿದ್ದವು. ತಂತಿ ಹಾಕಿ ಬಿಡಿಸಿದರೆ ಕೆಸರುನೀರು ಬುಳಬುಳ ಬಂತು. ಒಳಗಿನ ಪ್ಲಾಸ್ಟಿಕ್ ಹಾಳೆ ಹರಿದಿತ್ತು, ಅದನ್ನೂ ಬದಲಾಯಿಸಿದೆ.

ಗ್ಲಾಸ್ ಕೆಲಸಕ್ಕೆ ಹೋದ ಕಡೆ, "ಮೇಲಿಂದ ಸಿಲಿಕೋನ್ ಅಂಟು ಬಳಿದು ಕೊಡ್ತೀವಿ, ಸಾಕು" ಅಂದರು. ನಾನು ಒಪ್ಪಲಿಲ್ಲ. ವಿನೆಗರ್ ವಾಸನೆ ಬರುವ ಸಿಲಿಕೋನ್ ಆರುವಾಗ ಆಮ್ಲ ಬಿಡುತ್ತದೆ, ಬರೀ ಕಬ್ಬಿಣಕ್ಕೆ ಅದರಿಂದಲೇ ತುಕ್ಕು ಹಿಡಿಯುತ್ತದೆ. ಗ್ಲಾಸ್ ಬಿಚ್ಚಿಸಿ, ಚೌಕಟ್ಟು ಉಜ್ಜಿ ಪ್ರೈಮರ್ ಹೊಡೆದು, ಹೊಸ ಬೀಡಿಂಗ್ ಹಾಕಿಸಿದೆ. ಸಂದಿಗೆ ಬ್ಯೂಟೈಲ್ ಅನ್ನುವ ರಬ್ಬರಿನಂಥ ಅಂಟು ಹಾಕಿಸಿದೆ. ಅದು ಗಟ್ಟಿಯಾಗದೆ ಮೆತ್ತಗೇ ಇರುತ್ತದೆ, ಹಾಗಾಗಿ ಕ್ಯಾಬಿನ್ ಕುಲುಕಿದರೂ ಬಿಟ್ಟುಕೊಳ್ಳುವುದಿಲ್ಲ.

ಕೊಳೆತ ತಗಡು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸಿದೆ. ಉಳಿದ ಕಡೆ ತಂತಿ ಬ್ರಶ್, ಆಮೇಲೆ ತುಕ್ಕು ಕಪ್ಪಾಗಿಸುವ ದ್ರಾವಣ, ಪ್ರೈಮರ್, ಪೇಂಟ್. ಕಾರ್ಪೆಟ್ ಮತ್ತೆ ಹಾಕಲೇ ಇಲ್ಲ.

ಇನ್ನು ಮ್ಯಾಟ್. ಬೂಟಿನ ಕೆಸರು, ಮಳೆ ನೀರು ಎಲ್ಲಾ ಅಂಚಿನೊಳಗೇ ನಿಲ್ಲುತ್ತದೆ. ಎತ್ತಿ ಹೊರಗೆ ಸುರಿದು ಒಂದು ಸಲ ನೀರು ಹೊಡೆದರೆ ಮುಗಿಯಿತು. ಹಿಮ್ಮಡಿ ಊರುವ ಜಾಗ ಇನ್ನೂ ಸವೆದಿಲ್ಲ. ಹೊಸ ರಬ್ಬರ್ ವಾಸನೆ ಮಾತ್ರ ಜಾಸ್ತಿ ಇತ್ತು, ನಾಲ್ಕು ದಿನ ಹೊರಗೆ ಇಟ್ಟ ಮೇಲೆ ಹೋಯಿತು.

ಎರಡು ಆಕ್ಷೇಪ ಇವೆ. ಆಕ್ಸಿಲರೇಟರ್ ಹತ್ತಿರ ಅಂಚು ಪೆಡಲ್‌ಗೆ ತಾಗುತ್ತಿತ್ತು. ಇದನ್ನು ಹಗುರವಾಗಿ ತಗೋಬೇಡಿ. ಗಾಡಿ ನಿಂತಿದ್ದಾಗ ಮೂರೂ ಪೆಡಲ್ ಪೂರ್ತಿ ಒತ್ತಿ ಬಿಟ್ಟು ನೋಡಿ, ತಾಗುವ ಕಡೆ ಕತ್ತರಿಸಿ. ಇನ್ನೊಂದು, ಮ್ಯಾಟಿನ ಅಡಿಭಾಗ ನುಣುಪು, ಗಾಳಿ ಆಡಲ್ಲ. ಅಡಿಯಲ್ಲಿ ಗೆರೆ ಎದ್ದಿರುವುದು ಸಿಕ್ಕರೆ ಅದನ್ನೇ ತಗೊಳ್ಳಿ.

ನಾನು ಈಗ ಮ್ಯಾಟ್ ಕೆಳಗೆ ಹಳೇ ನ್ಯೂಸ್‌ಪೇಪರ್ ಹಾಸಿರುತ್ತೇನೆ. ನೀರು ಬಂದರೆ ಅದರಲ್ಲೇ ಗೊತ್ತಾಗುತ್ತದೆ. ನಿನ್ನೆ ರಾತ್ರಿಯೆಲ್ಲಾ ಮಳೆ. ಬೆಳಿಗ್ಗೆ ಎತ್ತಿ ನೋಡಿದೆ. ಕ್ಲೀನರ್ ಬದಿ ಪೇಪರ್ ಗರಿಗರಿಯಾಗಿತ್ತು. ಡ್ರೈವರ್ ಬದಿ, ಕ್ಲಚ್ ಪಕ್ಕ, ನಾಣ್ಯದಷ್ಟು ಒದ್ದೆ. ಅಲ್ಲಿ ವೈರಿಂಗ್ ಒಳಗೆ ಬರುವ ತೂತಿನ ರಬ್ಬರ್ ಬುಶ್ ಸೀಳಿದೆ. ಭಾನುವಾರ ಅದನ್ನು ಬದಲಾಯಿಸಬೇಕು.